ಒಳಮೈಯ ಜೋಡು

ಪಾದರಕ್ಷೆಯ ಹುಟ್ಟನ್ನು ಕುರಿತು ಮಹಾಭಾರತದ ಅನುಶಾಸನಪರ್ವದಲ್ಲಿ ಒಂದು ರಮ್ಯವಾದ ಕಥೆಯುಂಟು. ಬೇಸಗೆಯ ಒಂದು ದಿನ ಜಮದಗ್ನಿ ಮಹರ್ಷಿಯು ವಿನೋದಕ್ಕಾಗಿ ಬಾಣಗಳನ್ನು ಬಿಡುತ್ತಲೂ, ರೇಣುಕೆಯು ಅವುಗಳನ್ನು ಆಯ್ದು ತರುತ್ತಲೂ ಇದ್ದರಂತೆ. ನಡುಹಗಲಿನ ಬಿಸಿಲಿಗೆ ಆಕೆಯ ತಲೆಯೂ ಅಂಗಾಲೂ ಬೆಂದುವು. ಮರದ ನೆರಳಿನಲ್ಲಿ ಕ್ಷಣಕಾಲ ನಿಂತು ತಡವಾಗಿ ಬಂದಳು. ಋಷಿಯ ಕೋಪವು ಸೂರ್ಯನ ಮೇಲೆ ತಿರುಗಿತು. ಬಿಲ್ಲೆತ್ತಿದವನ ಮುಂದೆ ಸೂರ್ಯನು ಬ್ರಾಹ್ಮಣವೇಷದಿಂದ ಬಂದು ಶರಣಾಗತನಾಗಿ, ತಲೆಗೆ ಕೊಡೆಯನ್ನೂ ಕಾಲಿಗೆ ಪಾದರಕ್ಷೆಯನ್ನೂ ಕೊಟ್ಟು ಸಮಾಧಾನಪಡಿಸಿದನು. ಹೀಗೆ ಒಂದೇ ಕೈಯಿಂದ ಒಂದೇ ಗಳಿಗೆಯಲ್ಲಿ ಬಂದ ಈ ಎರಡು ವಸ್ತುಗಳ ಪೈಕಿ ಕೊಡೆಯು ದೇವರ ಉತ್ಸವದಲ್ಲಿ ಮೂರ್ತಿಯ ತಲೆಯ ಮೇಲೆ ಮೆರೆಯುತ್ತದೆ. ಪಾದರಕ್ಷೆಯಾದರೋ ಹೊರಬಾಗಿಲಿನಲ್ಲಿಯೇ ಉಳಿಯಿತು. ಅದನ್ನು ಮಾಡಿದವನನ್ನು ನಾವು ಅದಕ್ಕಿಂತಲೂ ದೂರದಲ್ಲಿ ನಿಲ್ಲಿಸಿದೆವು. ಇದಕ್ಕೆ ಮಾತ್ರ ಸೂರ್ಯನು ಹೊಣೆಯಲ್ಲ.

ತೀರ್ಥಹಳ್ಳಿಯ ಒಂದು ಹಳೆಯ ಬೀದಿಯಲ್ಲಿ ವಾಸವಾಗಿರುವ ನಿವೃತ್ತ ಮೇಷ್ಟರೊಬ್ಬರು ಈ ಕಥೆಯನ್ನು ಬಲ್ಲವರು. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಗಳಿಗೂ ಮೀರಿ ಕನ್ನಡವನ್ನು ಕಲಿಸಿದವರು. ಅವರ ಮನೆಯಲ್ಲಿ ಜೋಡುಗಳಿಗೆ ಸಲ್ಲುವ ಸ್ಥಳವು ಜಗಲಿಯ ಕೆಳಗಿನ ಎರಡನೆಯ ಮೆಟ್ಟಿಲು. ಅವರ ತಂದೆಯವರ ಕಾಲದಲ್ಲಿ ಅದು ಅಂಗಳದ ಆಚೆಯ ಅಂಚಾಗಿದ್ದಿತು. ಕಾಲಕ್ರಮದಲ್ಲಿ ಪಾದರಕ್ಷೆಯು ಅಂಗಳವನ್ನು ದಾಟಿ ಎರಡನೆಯ ಮೆಟ್ಟಿಲಿನವರೆಗೆ ಬಂದುದನ್ನೇ ಮೇಷ್ಟರು ತಮ್ಮ ಉದಾರದೃಷ್ಟಿಗೆ ಸಾಕ್ಷಿಯೆಂದು ಎಣಿಸಿದ್ದರು.

ಒಂದು ಆಷಾಢಮಾಸದಲ್ಲಿ ಆ ಮೆಟ್ಟಿಲಿನ ಮೇಲೆ ಜೇನಿನ ಬಣ್ಣದ ಒಂದು ಜೊತೆ ಜೋಡು ಬಂದು ನಿಂತಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಗನು ಅಜ್ಜಿಯ ಶ್ರಾದ್ಧಕ್ಕೆಂದು ಬಂದಿದ್ದನು, ಒಬ್ಬನೇ ಬಂದಿದ್ದನು. ಎರಡು ವರ್ಷಗಳ ಹಿಂದೆ ಅವನು ಮದುವೆಯಾಗಿದ್ದನು. ಮದುವಣಗಿತ್ತಿಯು ಬೆಳಗಾವಿ ಜಿಲ್ಲೆಯ ಅಥಣಿಯ ಹುಡುಗಿ. ತಲೆತಲಾಂತರದಿಂದ ಚಪ್ಪಲಿ ಹೊಲಿಯುವ ಮನೆತನ. ಅವಳು ಚೆನ್ನೈಯಲ್ಲಿ ಚರ್ಮವನ್ನು ಕುರಿತ ಶಾಸ್ತ್ರವನ್ನೇ ಓದಿ, ಬೆಂಗಳೂರಿನ ಒಂದು ಪಾದರಕ್ಷೆಯ ಕಾರ್ಯಾಗಾರದಲ್ಲಿ ಕೆಲಸಕ್ಕೆ ಸೇರಿದ್ದಳು. ಆ ಮದುವೆಗೆ ತಾಯಿ ಹೋಗಿ ಅಕ್ಷತೆ ಹಾಕಿ ಬಂದರು. ಮೇಷ್ಟರಿಗೆ ಆ ದಿನ ಮಂಡಿನೋವು. ಆ ಮಂಡಿನೋವಿನಲ್ಲಿಯೇ ಅವರು ಮರುದಿನ ತುಂಗೆಯ ದಂಡೆಯವರೆಗೆ ನಡೆದು ಹೋಗಿ ಬಂದುದನ್ನು ಬೀದಿಯವರೆಲ್ಲರೂ ನೋಡಿದರು. ಅಂದಿನಿಂದ ಸೊಸೆಯು ಆ ಮನೆಗೆ ಬಂದಿರಲಿಲ್ಲ. ಬಾ ಎಂದು ಯಾರೂ ಹೇಳಿರಲಿಲ್ಲ.

ಶ್ರಾದ್ಧದ ಮರುದಿನ ಧಾರಾಕಾರವಾಗಿ ಮಳೆ. ಮಗನು ಹೊರಡುವಾಗ ತಂದೆಯ ರಬ್ಬರಿನ ಚಪ್ಪಲಿಗಳನ್ನು ಮೆಟ್ಟಿಕೊಂಡು, "ಈ ಜೋಡು ಇಲ್ಲೇ ಇರಲಿ, ನೀರು ಬಿದ್ದರೆ ಕೆಡುತ್ತೆ, ಮುಂದಿನ ಸಲ ಒಯ್ಯುತ್ತೇನೆ" ಎಂದು ತಾಯಿಗೆ ಹೇಳಿ ಬಸ್ಸು ಹತ್ತಿದನು. ಅವನು ಹೋದ ಮೇಲೆ ತಾಯಿಯು ಬಾಗಿಲಿಗೆ ಒರಗಿ ನಿಂತು, ಯಾರಿಗೂ ಹೇಳದವರಂತೆ, "ಅವಳೇ ಕೈಯಾರೆ ಹೊಲಿದುಕೊಟ್ಟದ್ದಂತೆ" ಎಂದರು. ಮೇಷ್ಟರು ಪತ್ರಿಕೆಯ ಪುಟವನ್ನು ಮಗುಚಿದರು.

ಇಲ್ಲಿ ಆ ಜೋಡಿನ ಜಾತಿಯನ್ನು ಸ್ವಲ್ಪ ವಿವರಿಸಬೇಕು. ಅದು ಸ್ವೇಡ್ ಎಂಬ ಚರ್ಮದ್ದು. ಸ್ವೀಡನ್ ದೇಶಕ್ಕೆ ಫ್ರೆಂಚರು ಇಟ್ಟ ಹೆಸರೇ ಈ ಪದ. ಹತ್ತೊಂಬತ್ತನೆಯ ಶತಮಾನದಲ್ಲಿ 'ಸ್ವೀಡನ್ನಿನ ಕೈಗವಸು'ಗಳೆಂದು ಪ್ರಸಿದ್ಧವಾದ ಮೃದುವಾದ ಕೈಗವಸುಗಳಿಂದ ಹೆಸರು ಚರ್ಮಕ್ಕೆ ಅಂಟಿತು. ಯಾವ ಪ್ರಾಣಿಯ ಚರ್ಮಕ್ಕೂ ಎರಡು ಮೈಗಳುಂಟು. ರೋಮವಿದ್ದ ಹೊರಮೈ ನುಣುಪು, ಬಿಗಿ. ನೀರನ್ನು ಬೇಗನೆ ಒಳಗೆ ಬಿಡುವುದಿಲ್ಲ. ಮಾಂಸಕ್ಕೆ ಅಂಟಿಕೊಂಡಿದ್ದ ಒಳಮೈಯಲ್ಲಿ ನಾರುಗಳು ಸಡಿಲವಾಗಿ ಹೆಣೆದಿರುತ್ತವೆ. ಸಾಮಾನ್ಯ ಜೋಡಿನಲ್ಲಿ ಹೊರಮೈಯನ್ನು ಲೋಕಕ್ಕೆ ತೋರಿಸಿ ಒಳಮೈಯನ್ನು ಕಾಲಿನ ಕಡೆಗೆ ಮರೆಸುತ್ತಾರೆ. ಸ್ವೇಡಿನಲ್ಲಿ ಅದು ತಿರುವುಮುರುವು. ಒಳಮೈಯನ್ನು ಸಾಣೆಯಂತಹ ಒರಟು ಪದಾರ್ಥದಿಂದ ಉಜ್ಜಿ, ನಾರಿನ ತುದಿಗಳನ್ನು ಎಬ್ಬಿಸಿ, ಆ ನವಿರನ್ನೇ ಹೊರಕ್ಕೆ ಮಾಡಿ ಹೊಲಿಯುತ್ತಾರೆ. ಕುರಿ, ಆಡು, ಕರು ಇವುಗಳ ಚರ್ಮ ಇದಕ್ಕೆ ಒಗ್ಗುತ್ತದೆ. ದಪ್ಪನೆಯ ದನದ ಚರ್ಮವಾದರೆ ಯಂತ್ರದಿಂದ ಪದರಗಳಾಗಿ ಸೀಳಿ ಕೆಳಪದರವನ್ನು ಬಳಸುವುದೂ ಉಂಟು. ಹೊರಮೈಯನ್ನೇ ಲಘುವಾಗಿ ಉಜ್ಜಿ ನವಿರೆಬ್ಬಿಸಿದರೆ ಅದಕ್ಕೆ ನೂಬಕ್ ಎಂದು ಬೇರೆ ಹೆಸರು.

ಒಳಗಿನದನ್ನು ಹೊರಗೆ ತೋರುವವರ ಕಷ್ಟವೇ ಈ ಚರ್ಮದ ಕಷ್ಟ. ಆ ನವಿರು ಕೈಗೆ ಹಿತ, ಕಣ್ಣಿಗೆ ಸೊಗಸು. ಬೆರಳಾಡಿಸಿದ ಕಡೆಗೆ ಬಾಗಿ, ಗರಿಕೆಯ ಬಯಲಿನಂತೆ ಒಂದು ಕಡೆ ತಿಳಿ, ಒಂದು ಕಡೆ ಕಡು ಬಣ್ಣವನ್ನು ತೋರುತ್ತದೆ. ಆದರೆ ಧೂಳು, ಎಣ್ಣೆ, ನೀರು, ಯಾವುದು ಬಂದರೂ ಅದು ಬಾಗಿಲು ಮುಚ್ಚಿಕೊಳ್ಳಲಾರದು, ಎಲ್ಲವನ್ನೂ ಹೀರಿಕೊಳ್ಳುತ್ತದೆ. ಮೇಲಾಗಿ ಮಗನ ಜೋಡಿನ ಮಾದರಿಯು ಕಣಕಾಲಿನವರೆಗೆ ಬರತಕ್ಕದ್ದು, ಮರುಭೂಮಿಯಲ್ಲಿ ಹುಟ್ಟಿದ್ದು. ಎರಡನೆಯ ಮಹಾಯುದ್ಧದಲ್ಲಿ ಆಂಗ್ಲ ಸೇನಾಧಿಕಾರಿಗಳು ಕೈರೋ ನಗರದ ಬಜಾರಿನಲ್ಲಿ ಹೊಲಿಸಿಕೊಳ್ಳುತ್ತಿದ್ದ ಆ ತರಹದ ಜೋಡನ್ನು ನೇಥನ್ ಕ್ಲಾರ್ಕ್ ಎಂಬಾತನು ಬರ್ಮಾದಲ್ಲಿ ಕಂಡು, ಯುದ್ಧ ಮುಗಿದ ಮೇಲೆ ಪಶ್ಚಿಮದೇಶಗಳ ಪೇಟೆಗೆ ತಂದನು. ಮರಳಿನ ಮೇಲೆ ನಡೆಯಲು ಹುಟ್ಟಿದ ಈ ಬಡಪಾಯಿಯು ವಿಧಿವಶದಿಂದ ತೀರ್ಥಹಳ್ಳಿಯ ತಾಲ್ಲೂಕಿಗೆ ಬಂದಿತು. ವರ್ಷಕ್ಕೆ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಆಗುಂಬೆ ಇರುವುದು ಅದೇ ತಾಲ್ಲೂಕಿನಲ್ಲಿ.

ಹದಿನೈದು ದಿನ ಕಳೆಯುವಷ್ಟರಲ್ಲಿ ಜೋಡಿನ ಮೇಲೆ ಬೂದಿಬಣ್ಣದ ಬೂಷ್ಟು ಹಿಡಿಯಿತು. ಮಲೆನಾಡಿನ ಮಳೆಗಾಲದಲ್ಲಿ ಇದು ಆಶ್ಚರ್ಯವಲ್ಲ. ಬೂಷ್ಟು ಹಿಡಿಯದಿರುವುದೇ ಆಶ್ಚರ್ಯ. ಬೆಳಿಗ್ಗೆ ಹಾಲಿಗೆಂದು ಬಾಗಿಲು ತೆಗೆದಾಗಲೆಲ್ಲ ಮೇಷ್ಟರ ಕಣ್ಣು ಅದರ ಮೇಲೆ ಬೀಳುತ್ತಿದ್ದಿತು. ಎರಡು ದಿನ ಕಂಡೂ ಕಾಣದಂತೆ ಒಳಗೆ ಹೋದರು. ಮೂರನೆಯ ದಿನ ಹಾಗೆ ಹೋಗುವುದು ಸಾಧ್ಯವಾಗಲಿಲ್ಲ. ಮಧ್ಯಾಹ್ನ ಮನೆಯಾಕೆ ಮಲಗಿದ್ದ ಸಮಯವನ್ನು ನೋಡಿ, ಹಳೆಯ ಪಂಚೆಯ ಚೂರೊಂದನ್ನು ಕೈಗೆ ಸುತ್ತಿಕೊಂಡು, ಜೋಡುಗಳನ್ನು ಎತ್ತಿ ಹಿತ್ತಿಲಿಗೆ ತಂದರು. ಅದು ಪ್ರೀತಿಯೋ, ಪಶ್ಚಾತ್ತಾಪವೋ, ಚೊಕ್ಕಟದ ಚಾಳಿಯೋ ಹೇಳುವುದು ಕಷ್ಟ, ಅವರಿಗೇ ತಿಳಿದಿರಲಿಲ್ಲ.

ಮುಂದೆ ನಡೆದುದು ಸದುದ್ದೇಶದಿಂದ ಮಾಡಿದ ಅನಾಹುತಗಳ ಸಾಲಿಗೆ ಸೇರತಕ್ಕದ್ದು. ಮೊದಲು ಒದ್ದೆಬಟ್ಟೆಯಿಂದ ಬಲಗಾಲಿನ ಜೋಡನ್ನು ಚೆನ್ನಾಗಿ ಉಜ್ಜಿದರು. ಬೂಷ್ಟು ಹೋಯಿತು, ಬಣ್ಣ ಕಪ್ಪಗಾಯಿತು. ಒಣಗಲೆಂದು ಬಚ್ಚಲ ಒಲೆಯ ಬಾಯಿಗೆ ಮುಖಮಾಡಿ ಇಟ್ಟರು. ಒಣಗಿತು, ಮೂತಿಯ ಭಾಗವು ಒಣಗಿದ ಹಲಸಿನ ಸಿಪ್ಪೆಯಂತೆ ಸೆಟೆದುಕೊಂಡಿತು. ಸೆಟೆದುದನ್ನು ಮೆತ್ತಗೆ ಮಾಡಲೆಂದು ಅಟ್ಟದ ಡಬ್ಬಿಯನ್ನು ಕೆಳಗಿಳಿಸಿದರು. ಇನ್‌ಸ್ಪೆಕ್ಟರರು ಶಾಲೆಯ ತನಿಖೆಗೆ ಬರುವ ದಿನಗಳಲ್ಲಿ ತಮ್ಮ ಕಪ್ಪು ಬೂಟುಗಳಿಗೆ ತಾವೇ ಮಿರುಗು ಕೊಡುತ್ತಿದ್ದ ಪಾಲಿಶ್ ಡಬ್ಬಿ ಅದು; ಪುಣ್ಯಕ್ಕೆ ಕಂದುಬಣ್ಣದ್ದೂ ಒಂದಿದ್ದಿತು. ಅದನ್ನು ಧಾರಾಳವಾಗಿ ಬಳಿದು ತಿಕ್ಕಿದರು. ಮೇಣವು ನವಿರಿನ ಸಂದುಗಳಲ್ಲಿ ಕೂತು, ನಾರುಗಳೆಲ್ಲ ಒಂದಕ್ಕೊಂದು ಅಂಟಿ, ಮಳೆಯಲ್ಲಿ ನೆನೆದ ಬೆಕ್ಕಿನ ಮೈಯಂತಾಯಿತು. ತಿಕ್ಕಿದಷ್ಟೂ ಕೆಟ್ಟಿತು. ಎಡಗಾಲಿನ ಜೋಡು ಪಕ್ಕದಲ್ಲಿ ಬೂಷ್ಟು ಹಿಡಿದು, ಆದರೂ ತನ್ನ ಜೇನುಬಣ್ಣವನ್ನು ಉಳಿಸಿಕೊಂಡು, ಸಾಕ್ಷಿಯಂತೆ ಕುಳಿತಿದ್ದಿತು. ಅಳಲೆಕಾಯಿ ಪಂಡಿತನ ಔಷಧಕ್ಕಿಂತ ರೋಗವೇ ಮೇಲು ಎಂಬುದು ಮೇಷ್ಟರಿಗೆ ಅಷ್ಟು ಸ್ಪಷ್ಟವಾಗಿ ಎಂದೂ ತೋರಿರಲಿಲ್ಲ.

ಮರುದಿನ ಬೆಳಿಗ್ಗೆ ಬಲಗಾಲಿನ ಜೋಡನ್ನು ಚೀಲದಲ್ಲಿಟ್ಟುಕೊಂಡು ಬಸ್‌ನಿಲ್ದಾಣದ ಬಳಿ ಕೊಡೆಯ ಕೆಳಗೆ ಕೂಡುವ ಜೋಡು ಹೊಲಿಯುವವನ ಹತ್ತಿರ ಹೋದರು. ಇಪ್ಪತ್ತು ವರ್ಷಗಳಿಂದ ಮೇಷ್ಟರ ಚಪ್ಪಲಿಯ ಉಂಗುಷ್ಟವನ್ನು ಹೊಲಿದುಕೊಟ್ಟವನು ಅವನೇ. ಆ ಇಪ್ಪತ್ತು ವರ್ಷಗಳಲ್ಲಿಯೂ ಮೇಷ್ಟರು ಚಪ್ಪಲಿಯನ್ನು ಅವನ ಮುಂದೆ ಕಾಲಿನಿಂದಲೇ ಸರಿಸಿ, ಕಾಸನ್ನು ಅವನ ಗೋಣಿಯ ಮೇಲೆ ಹಾಕಿ ಬಂದವರು, ಕೈಗೆ ಕೊಟ್ಟವರಲ್ಲ. ಅದರಲ್ಲಿ ತಪ್ಪೇನಾದರೂ ಇದ್ದಿತೆಂದು ಅವರಿಗೆ ಹೊಳೆದೂ ಇರಲಿಲ್ಲ. ಈ ದಿನ ಚೀಲದಿಂದ ಜೋಡನ್ನು ತೆಗೆದು ಕೈಯಿಂದಲೇ ಕೊಡಬೇಕಾಯಿತು.

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದನು. "ಇದಕ್ಕೆ ಪಾಲಿಶ್ ಬಳಿದವರು ಯಾರು ಮೇಷ್ಟ್ರೇ?" ಎಂದನು.

ಮೇಷ್ಟರು ಸುಳ್ಳು ಹೇಳಲಿಲ್ಲ.

ಅವನು ನಗಲಿಲ್ಲ. ಹೆಬ್ಬೆರಳಿನಿಂದ ಮೂತಿಯನ್ನು ಒತ್ತಿ, ಹೊಲಿಗೆಯ ಸಾಲನ್ನು ಕಣ್ಣಿಗೆ ಹತ್ತಿರ ತಂದು, "ಇದು ಯಂತ್ರದ ಹೊಲಿಗೆಯಲ್ಲ. ಒಂದೊಂದು ಪೋಣಿಕೆಯೂ ಒಂದೇ ಅಳತೆ. ಒಳ್ಳೇ ಕೈ" ಎಂದನು. ಬಳಿಕ, "ಮೇಣ ಸ್ವಲ್ಪ ಬಿಡಿಸಬಹುದು. ಸುಟ್ಟದ್ದು ಬರುವುದಿಲ್ಲ. ನಾನು ಕೈಹಾಕಿ ಇನ್ನೂ ಕೆಡಿಸಬಾರದು. ಇದನ್ನು ಮಾಡಿದವರನ್ನೇ ಕೇಳಿ ಮೇಷ್ಟ್ರೇ, ಯಾವ ಹದದ ಚರ್ಮ ಅಂತ ಅವರಿಗೆ ಗೊತ್ತಿರುತ್ತೆ" ಎಂದು ಹಿಂದಕ್ಕೆ ಕೊಟ್ಟನು. ಕಾಸು ತೆಗೆದುಕೊಳ್ಳಲಿಲ್ಲ.

ಒಂದು ಬಲವಾದ ಬೈಗುಳಕ್ಕಿಂತ ಆ ಸಲಹೆಯು ಮೇಷ್ಟರನ್ನು ಹೆಚ್ಚು ಕಂಗೆಡಿಸಿತು. ಮಾಡಿದವರನ್ನು ಕೇಳುವುದೆಂದರೆ ಎರಡು ವರ್ಷಗಳ ಮೌನವನ್ನು ತಾವೇ ಮುರಿಯುವುದು. ಅದೂ ಒಂದು ಅಪರಾಧವನ್ನು ಒಪ್ಪಿಕೊಳ್ಳುವುದಕ್ಕಾಗಿ. ಮಗನು ಬಂದಾಗ ತಾನಾಗಿ ತಿಳಿಯಲಿ ಎಂದು ಬಿಡಬಹುದಾಗಿದ್ದಿತು. ಆದರೆ ಅವನಿಗೆ ಕಾಣುವುದೇನು? ತನ್ನ ಹೆಂಡತಿ ಹೊಲಿದ ಜೋಡನ್ನು ತಂದೆಯು ಬೆಂಕಿಗೆ ಹಿಡಿದಿದ್ದಾನೆ ಎಂದು. ಅದನ್ನು ಕೈತಪ್ಪೆಂದು ನಂಬಬೇಕೆಂದು ಕೇಳಿಕೊಳ್ಳುವುದಕ್ಕೆ, ಆ ಎರಡು ವರ್ಷಗಳ ನಡವಳಿಕೆಯು ಯಾವ ಆಧಾರವನ್ನೂ ಉಳಿಸಿರಲಿಲ್ಲ.

ಆ ರಾತ್ರಿ ಮೇಷ್ಟರಿಗೆ ನಿದ್ದೆ ಬರಲಿಲ್ಲ. ಪ್ರತಿವರ್ಷವೂ ಮಕ್ಕಳಿಗೆ ಹೇಳುತ್ತಿದ್ದ ಒಂದು ಪಾಠವು ಮನಸ್ಸಿಗೆ ಬಂದಿತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನು ತನ್ನ ಮತ್ತು ಮಡದಿಯ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದನೆಂಬ ಪ್ರತೀತಿ. ಅವನ ಮಗನಿಗೂ ಬ್ರಾಹ್ಮಣಕುಲದಿಂದ ಬಂದ ಮಧುವರಸನ ಮಗಳಿಗೂ ಆದ ವಿವಾಹ. ಅದನ್ನು ಸಹಿಸದ ಬಿಜ್ಜಳನ ಆಳ್ವಿಕೆಯಲ್ಲಿ ಆ ಇಬ್ಬರು ತಂದೆಯರಿಗೆ ಒದಗಿದ ಘೋರಶಿಕ್ಷೆ. ಈ ಪಾಠವನ್ನು ಮೇಷ್ಟರು ಕಂಠ ಬಿಗಿದು ಹೇಳುತ್ತಿದ್ದರು. ಹಿಂದಿನ ಬೆಂಚಿನ ಹುಡುಗರೂ ಸದ್ದಡಗಿ ಕೇಳುತ್ತಿದ್ದರು. ಮಧುವರಸನು ಪ್ರಾಣ ಕೊಟ್ಟನು. ತಾವು ಒಂದು ಬಸ್ಸಿನ ಪ್ರಯಾಣವನ್ನೂ ಕೊಡಲಿಲ್ಲ. ದೇವರ ಮನೆಯಲ್ಲಿ ಗೂಟಕ್ಕೆ ತೂಗುಹಾಕಿದ್ದ ಕೃಷ್ಣಾಜಿನವು ಕತ್ತಲೆಯಲ್ಲಿಯೂ ಕಣ್ಣಿಗೆ ಕಟ್ಟಿತು. ಅದೂ ಚರ್ಮವೇ. ಅದನ್ನು ಸುಲಿದು ಹದಮಾಡಿದ ಕೈ ಯಾವುದೆಂದು ಆ ಮನೆಯಲ್ಲಿ ಮೂರು ತಲೆಮಾರು ಯಾರೂ ಕೇಳಿರಲಿಲ್ಲ; ಕೇಳದೆಯೇ ಅದರ ಮೇಲೆ ಕೂತು ಜಪ ಮಾಡಿದ್ದರು.

ಬೆಳಿಗ್ಗೆ ಮನೆಯಾಕೆಯ ಪುಸ್ತಕದಿಂದ ಸಂಖ್ಯೆಯನ್ನು ಬರೆದುಕೊಂಡು ದೂರವಾಣಿ ಮಾಡಿದರು. ಆಚೆಯಿಂದ "ನಮಸ್ಕಾರ್ರೀ" ಎಂಬ ಧ್ವನಿ ಬಂದಿತು. ಮೇಷ್ಟರು ಸಿದ್ಧಮಾಡಿಕೊಂಡಿದ್ದ ವಾಕ್ಯವು ಮರೆತುಹೋಯಿತು. ಪೀಠಿಕೆಯಿಲ್ಲದೆ, "ಜೋಡಿಗೆ ಪಾಲಿಶ್ ಹಾಕಿಬಿಟ್ಟೆನಮ್ಮ" ಎಂದರು.

ಕ್ಷಣಕಾಲ ಆಚೆಯಿಂದ ಸದ್ದಿಲ್ಲ. ಬಳಿಕ, "ಎರಡಕ್ಕೂ ಹಚ್ಚೀರೇನ್ರಿ ಮಾವಾರ, ಒಂದಕ್ಕs?" ಎಂದು ಪ್ರಶ್ನೆ. ವೈದ್ಯನು ರೋಗಿಯನ್ನು ಕೇಳುವ ರೀತಿ. ಒದ್ದೆಬಟ್ಟೆ, ಒಲೆ, ಮೇಣ, ಎಲ್ಲವನ್ನೂ ಮೇಷ್ಟರು ಕ್ರಮವಾಗಿ ನಿವೇದಿಸಿದರು. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

ಮೊದಲ ಆಜ್ಞೆಯು ಎರಡು ದಿನ ಏನೂ ಮಾಡಬಾರದೆಂಬುದು. ಒಳಗೆ ಬಿಳಿಯ ಕಾಗದವನ್ನು ತುರುಕಿ, ಗಾಳಿಯಾಡುವ ನೆರಳಿನಲ್ಲಿ ಇಡಬೇಕು. ವೃತ್ತಪತ್ರಿಕೆಯಾದರೆ ಅಚ್ಚಿನ ಮಸಿ ಹತ್ತುವುದು. ಬಿಸಿಲೂ ಬೇಡ, ಬೆಂಕಿಯಂತೂ ಬೇಡವೇ ಬೇಡ. ಚರ್ಮದ ನಾರುಗಳು ಒದ್ದೆಯಾಗಿರುವಾಗ ಕಾವಿಗೆ ಮುದುಡಿಕೊಳ್ಳುತ್ತವೆ. ಹದವಾಗದ ಹಸಿಚರ್ಮವು ನೀರಿನಲ್ಲಿ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್ ಕಾವಿಗೇ ಮುದುಡುತ್ತದೆ. ತೊಗಟೆ ಕಾಯಿಗಳಿಂದ ಹದವಾದುದು ಸುಮಾರು 70ರಿಂದ 85ರವರೆಗೆ ತಾಳುತ್ತದೆ. ಕ್ರೋಮಿಯಮ್ ಲವಣದಿಂದ ಹದವಾದುದು 100ರ ಸಮೀಪದವರೆಗೂ ತಡೆಯುತ್ತದೆ. ಈ ಜೋಡಿನ ಆಡಿನ ಚರ್ಮವು ತೊಗಟೆಯ ಹದದ್ದು. ಮುದುಡಿದ ನಾರು ಮತ್ತೆ ಬಿಚ್ಚಿಕೊಳ್ಳುವುದಿಲ್ಲ. "ಮೂತಿ ಮೊದಲಿನಂಗ ಆಗಂಗಿಲ್ರಿ ಮಾವಾರ. ಅದನ್ನ ಈಗs ಹೇಳಿಬಿಡ್ತೀನಿ. ಉಳಿದದ್ದು ನೋಡೂಣು" ಎಂದಳು.

ಮೂರನೆಯ ದಿನದಿಂದ ಪಾಠ ಮುಂದುವರಿಯಿತು. ಮೇಲೆ ಕೂತ ಮೇಣವನ್ನು ಮೊಂಡು ಅಂಚಿನಿಂದ ಮೆಲ್ಲನೆ ಕೆರೆಯಬೇಕು. "ಕಬ್ಬಿಣದ ಚೂರಿ ಬ್ಯಾಡ್ರಿ. ಹಿತ್ತಾಳಿ ಚಮಚ ತಗೋರಿ. ಹಸಿ ಇದ್ದಾಗ ಕಬ್ಬಿಣ ತಾಕಿದ್ರ ಚರ್ಮ ಕಪ್ಪಾಗ್ತದ."

"ಅಳಲೆಕಾಯಿಯೆ?" ಎಂದರು ಮೇಷ್ಟರು, ತಮಗೆ ಅರಿವಿಲ್ಲದೆ.

"ಹೌದ್ರಿ! ಜಾಲಿ ತೊಗಟಿ, ಅಳಲೆಕಾಯಿ. ನಿಮಗ ಹೆಂಗ ಗೊತ್ತಾತ್ರಿ?"

ಪಾಠಶಾಲೆಯ ಗುರುಗಳು ಅಂಗಡಿಯ ಮಸಿಯನ್ನು ಒಪ್ಪುತ್ತಿರಲಿಲ್ಲ. ಅಳಲೆಕಾಯಿಯನ್ನು ಜಜ್ಜಿ ಕುದಿಸಿದ ಕಷಾಯಕ್ಕೆ ಅನ್ನಭೇದಿಯನ್ನು, ಎಂದರೆ ಕಬ್ಬಿಣದ ಲವಣವನ್ನು ಹಾಕಿದರೆ ನೋಡನೋಡುತ್ತಲೇ ಕರಿಯ ಮಸಿಯಾಗುತ್ತಿದ್ದಿತು. ಕಾಯಿಯ ಒಗರೂ ಕಬ್ಬಿಣವೂ ಕೂಡಿದ ಆ ಕಪ್ಪಿನಿಂದ ಮೇಷ್ಟರು ಅಮರಕೋಶವನ್ನು ಬರೆದು ಕಲಿತಿದ್ದರು. ಅದೇ ಒಗರು ಅಥಣಿಯ ಹದಮಾಡುವ ತೊಟ್ಟಿಗಳಲ್ಲಿ ಚರ್ಮದ ನಾರುಗಳನ್ನು ಹಿಡಿದು ಕೊಳೆಯದಂತೆ ಕಾಯುತ್ತಿದ್ದಿತು. ಇದನ್ನು ಮೇಷ್ಟರು ಹೇಳಿದರು. ಅವಳು ತನ್ನ ಅಜ್ಜನ ಕೈಬೆರಳುಗಳು ಅಳಲೆಕಾಯಿಯ ನೀರಿನಿಂದ ಕೊನೆಯವರೆಗೂ ಕಂದಾಗಿಯೇ ಇದ್ದುವೆಂದು ಹೇಳಿದಳು. ಮೇಷ್ಟರ ಬೆರಳುಗಳೂ ಬಾಲ್ಯದಲ್ಲಿ ಹಾಗೆಯೇ ಇದ್ದುವು. ಒಂದು ಕಲೆಗೆ ವಿದ್ಯೆಯೆಂದೂ, ಇನ್ನೊಂದಕ್ಕೆ ಮೈಲಿಗೆಯೆಂದೂ ಹೆಸರಿಟ್ಟವರು ಆ ಕಾಯಿಯನ್ನು ಕೇಳಿದವರಲ್ಲ. ಅಂದಿನ ಸಂಭಾಷಣೆಯು ಒಂದು ಗಂಟೆ ನಡೆಯಿತು. ಮನೆಯಾಕೆಯು ಅಡಿಗೆಮನೆಯಿಂದ ಎರಡು ಸಲ ಇಣುಕಿ ನೋಡಿ, ಏನೂ ಕೇಳದೆ ಒಳಗೆ ಹೋದರು.

ಚಿಕಿತ್ಸೆಯ ಉಪಕರಣಗಳನ್ನು ಕೇಳಿ ಮೇಷ್ಟರಿಗೆ ನಗು ಬಂದಿತು. ಮೇಣದ ಎಣ್ಣೆಯಂಶವನ್ನು ಹೀರಲು ಬಿಳಿಯ ಸೀಮೆಸುಣ್ಣದ ಪುಡಿ. ಗೀಚುಗಳನ್ನು ಅಳಿಸಲು ಮಕ್ಕಳ ಬಿಳಿಯ ರಬ್ಬರು. ಜನ್ಮವೆಲ್ಲ ಕೈಯಲ್ಲಿ ಹಿಡಿದ ವಸ್ತುಗಳೇ ಅವು. ಪುಡಿಯನ್ನು ಉದುರಿಸಿ ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಕೊಡವಬೇಕು. ಮೆಕ್ಕೆಜೋಳದ ನುಣ್ಣನೆಯ ಹಿಟ್ಟೂ ಆಗುತ್ತದೆ. ಅದಕ್ಕೂ ಜಗ್ಗದ ಮೇಣಕ್ಕೆ ಬಣ್ಣದಂಗಡಿಯ ಟರ್ಪೆಂಟೈನನ್ನು ಬಿಳಿಯ ಬಟ್ಟೆಗೆ ಒಂದೆರಡು ಹನಿ ಹಾಕಿ, ಮೊದಲು ನಾಲಗೆಯ ಮರೆಯಲ್ಲಿ ಪರೀಕ್ಷಿಸಿ, ಕಿಟಕಿ ತೆರೆದು, ದೀಪ ಒಲೆಗಳಿಂದ ದೂರವಿದ್ದು ಒತ್ತಬೇಕು. ಒರೆಸಬಾರದು, ಒತ್ತಿ ಎತ್ತಬೇಕು. ಒರೆಸಿದರೆ ಕಲೆ ಹರಡುತ್ತದೆ. ಬಟ್ಟೆಯ ಮಗ್ಗುಲನ್ನು ಪ್ರತಿಸಲವೂ ಬದಲಿಸಬೇಕು. ಸಂಪೂರ್ಣವಾಗಿ ಒಣಗಿದ ಮೇಲೆ ಬ್ರಷ್ಷು: ಮೊದಲು ನವಿರಿನ ದಿಕ್ಕಿಗೆ, ಬಳಿಕ ಎದುರು ದಿಕ್ಕಿಗೆ. ಅಂಟಿಕೊಂಡ ಕಡೆ ಹಿತ್ತಾಳೆಯ ಎಳೆಗಳ ಬ್ರಷ್ಷು, ಇಲ್ಲವೆ ಬಡಗಿಗಳ ಅತಿ ನುಣುಪಾದ ಮರಳುಕಾಗದದಿಂದ ಹೂವನ್ನು ಸವರಿದಂತೆ ನಾಲ್ಕು ಸಲ. ಕೊನೆಗೆ ಕುದಿಯುವ ನೀರಿನ ಹಬೆಯಿಂದ ಒಂದು ಗೇಣು ದೂರದಲ್ಲಿ ಕ್ಷಣಕಾಲ ತೋರಿಸಿ, ಎದ್ದ ನವಿರನ್ನು ಮತ್ತೆ ಬಾಚಬೇಕು.

ಎಡಗಾಲಿನ ಜೋಡಿಗೆ ಇಷ್ಟು ಬೇಕಾಗಲಿಲ್ಲ. ಬೂಷ್ಟಿನ ಧೂಳು ಮನೆಯೊಳಗೆ ಹಾರದಂತೆ ಹೊರಗಡೆ ಒಣಬ್ರಷ್ಷಿನಿಂದ ಕೊಡವಿ, ಔಷಧದಂಗಡಿಯ ಸ್ಪಿರಿಟ್ಟಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಗುರವಾಗಿ ತಟ್ಟಿ ಒಣಗಿಸಿದರೆ ಸಾಕಾಯಿತು. ಕೆಸರು ಹತ್ತಿದರೆ ಒಣಗುವವರೆಗೆ ಮುಟ್ಟದಿರುವುದೇ ಜಾಣತನ. ಒಣಗಿದ ಕೆಸರು ಬ್ರಷ್ಷಿಗೆ ಉದುರುತ್ತದೆ, ಹಸಿಯಾದುದನ್ನು ತಿಕ್ಕಿದರೆ ಒಳಗಿಳಿಯುತ್ತದೆ.

ಬಾಚುವ ಪಾಠದ ದಿನ ಒಂದು ಸಣ್ಣ ಸಂಗತಿ ನಡೆಯಿತು. "ಈಗ ನವಿರು ಯಾವ ಕಡೆ ಬಾಗತದ ನೋಡ್ರಿ" ಎಂದು ಅವಳು ಕೇಳಿದಳು. ಮೇಷ್ಟರು ಬೆರಳಾಡಿಸಿ, "ತಿಳಿಯುವುದಿಲ್ಲವಮ್ಮ" ಎಂದರು. "ಕೈಗೆ ಬಟ್ಟಿ ಸುತ್ತೀರೇನ್ರಿ?" ಎಂದಳು. ಅವಳಿಗೆ ಅದು ಹೇಗೆ ತಿಳಿಯಿತೋ! ಸುತ್ತಿಕೊಂಡಿದ್ದರು. ಮೊದಲ ದಿನದಿಂದಲೂ ಸುತ್ತಿಕೊಂಡೇ ಕೆಲಸ ಮಾಡುತ್ತಿದ್ದರು. "ಬಟ್ಟಿಗೆ ಅದು ತಿಳಿಯಂಗಿಲ್ರಿ ಮಾವಾರ, ಬರೇ ಬೆರಳಿಗಷ್ಟs ತಿಳೀತದ" ಎಂದಳು, ಮತ್ತೇನನ್ನೂ ಹೇಳಲಿಲ್ಲ. ಮೇಷ್ಟರು ಬಟ್ಟೆಯನ್ನು ಬಿಚ್ಚಿ ಪಕ್ಕಕ್ಕಿಟ್ಟರು. ಬರಿಬೆರಳನ್ನು ಹಿಮ್ಮಡಿಯಿಂದ ಮೂತಿಯವರೆಗೆ ಎಳೆದರು. ಕರುವಿನ ಕಿವಿಯ ಒಳಗಿನ ಮೆದುವು ನೆನಪಾಯಿತು. ಆ ದಿನ ಕೆಲಸ ಮುಗಿದ ಮೇಲೆ ಕೈ ತೊಳೆದರು, ಸೀಮೆಸುಣ್ಣವಾಗಿದ್ದಿತೆಂದು. ಸ್ನಾನ ಮಾಡಲಿಲ್ಲ.

ಶ್ರಾವಣವೂ ಭಾದ್ರಪದವೂ ಕಳೆದುವು. ಜೋಡನ್ನು ಇಡುವ ಪ್ರಶ್ನೆಯು ಎದ್ದಿತು. ಜಗಲಿಯ ಮೆಟ್ಟಿಲಿನಲ್ಲಿ ಎರಚಲು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಉಸಿರಾಡದೆ ಮತ್ತೆ ಬೂಷ್ಟು. ಮನೆಯಾಕೆಯು ಹಳೆಯ ಪಂಚೆಯಿಂದ ಎರಡು ಹತ್ತಿಯ ಚೀಲಗಳನ್ನು ಹೊಲಿದುಕೊಟ್ಟು, "ಏನೂಂದ್ರೆ, ಈ ಮನೆಯಲ್ಲಿ ಬೂಷ್ಟು ಹಿಡಿಯದ ಜಾಗ ಒಂದೇ" ಎಂದರು. ಅದು ನಡುಮನೆಯ ಪುಸ್ತಕದ ಕಪಾಟು. ಮಳೆಗಾಲದಲ್ಲಿ ಪುಸ್ತಕಗಳ ರಕ್ಷಣೆಗಾಗಿ ಅದರಲ್ಲಿ ಸಣ್ಣ ದೀಪವೊಂದನ್ನು ಉರಿಸುತ್ತಿದ್ದರು. ಮೇಷ್ಟರು ಕೆಳಗಿನ ಅರೆಯಲ್ಲಿದ್ದ ಹಳೆಯ ಪಂಚಾಂಗಗಳನ್ನು ಮೇಲಕ್ಕೆ ಸರಿಸಿ ಸ್ಥಳ ಮಾಡಿದರು. ಆ ಕಪಾಟಿನ ಪುಸ್ತಕಗಳಲ್ಲಿ ಎಷ್ಟಕ್ಕೆ ಚರ್ಮದ ಬೆನ್ನು ಇದ್ದಿತೆಂಬುದು ಅಂದು ಮೊದಲ ಬಾರಿ ಅವರ ಗಮನಕ್ಕೆ ಬಂದಿತು.

ಒಂದು ಸಂಜೆ ಮೇಷ್ಟರು ತಾವಾಗಿಯೇ ದೂರವಾಣಿ ಮಾಡಿ, ಜೋಡಿನ ಯೋಗಕ್ಷೇಮವನ್ನು ವರದಿಮಾಡಿ, ಕೊನೆಗೆ, "ದೀಪಾವಳಿಗೆ ಇಬ್ಬರೂ ಬನ್ನಿ. ನೀನೂ ಬರಬೇಕು. ಮದುವೆಗೆ ನಾನು ಬರಲಿಲ್ಲ, ನನಗೆ ಮಂಡಿನೋವಿರಲಿಲ್ಲ" ಎಂದರು. ಆಚೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಬಳಿಕ, "ಗೊತ್ತೈತ್ರಿ" ಎಂದಳು. ಬರುತ್ತೇನೆಂದೂ ಬರುವುದಿಲ್ಲವೆಂದೂ ಹೇಳಲಿಲ್ಲ.

ಬಂದಳು. ನೀರು ತುಂಬುವ ಹಬ್ಬದ ಸಂಜೆ ಮಗನೂ ಅವಳೂ ಬಸ್ಸಿನಿಂದಿಳಿದರು. ಅವಳ ಕಾಲಿನಲ್ಲಿ ಅಥಣಿಯ ಚಪ್ಪಲಿಗಳು. ಕೊಲ್ಹಾಪುರಿ ಎಂಬ ಹೆಸರಿನಿಂದ ಪ್ರಸಿದ್ಧವಾದ ಆ ಚಪ್ಪಲಿಗಳಿಗೆ 2019ರಲ್ಲಿ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿದುವು. ಅವಳು ಚಪ್ಪಲಿಗಳನ್ನು ಎರಡನೆಯ ಮೆಟ್ಟಿಲಿನಲ್ಲಿ ಬಿಟ್ಟು ಒಳಗೆ ಬಂದಳು. ಕಾಫಿಯಾದ ಮೇಲೆ ಮೇಷ್ಟರು ಕಪಾಟಿನಿಂದ ಚೀಲಗಳನ್ನು ತಂದು ಅವಳ ಮುಂದಿಟ್ಟರು. ಪರೀಕ್ಷೆಯ ಉತ್ತರಪತ್ರಿಕೆಯನ್ನು ಕೊಟ್ಟ ಹುಡುಗನಂತೆ ನಿಂತರು.

ಅವಳು ಬಲಗಾಲಿನ ಜೋಡನ್ನು ಬೆಳಕಿಗೆ ಹಿಡಿದಳು. ನವಿರು ಬಹುಮಟ್ಟಿಗೆ ಎದ್ದಿದ್ದಿತು. ಬಣ್ಣವು ಎಡಗಾಲಿನದಕ್ಕಿಂತ ಒಂದು ಪಾಲು ಕಡುವು; ಮೂತಿಯ ಮೇಲೆ ಹುಣಿಸೆಬೀಜದಷ್ಟು ಜಾಗವು ಗಟ್ಟಿಯಾಗಿ ಕಪ್ಪಾಗಿ ಉಳಿದಿದ್ದಿತು. ಅವಳು ಆ ಕಲೆಯ ಮೇಲೆ ಹೆಬ್ಬೆರಳನ್ನು ಎರಡು ಸಲ ಆಡಿಸಿ, "ಎಡದ್ದಕ್ಕೂ ಬಣ್ಣ ಹಾಕಿ ಸರಿಜೋಡಿ ಮಾಡಬಹುದ್ರಿ" ಎಂದಳು. ಮಗನ ಕಡೆಗೆ ನೋಡಿದಳು. ಅವನು, "ಬೇಡ, ಹೀಗೇ ಇರಲಿ" ಎಂದು ಅಲ್ಲಿಯೇ ಕುಳಿತು ಜೋಡನ್ನು ಹಾಕಿಕೊಂಡನು, ನಡುಮನೆಯಲ್ಲಿ. ಯಾರೂ ಏನೂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಎಣ್ಣೆಸ್ನಾನವಾದ ಮೇಲೆ ಅವಳು ಒಂದು ದೊಡ್ಡ ಕಾಗದವನ್ನೂ ಸೀಸದ ಕಡ್ಡಿಯನ್ನೂ ತಂದು ಜಗಲಿಯ ಮೇಲೆ ಹಾಸಿದಳು. "ಮಾವಾರ, ಇದರ ಮ್ಯಾಲೆ ಕಾಲಿಡ್ರಿ" ಎಂದಳು. ಮೇಷ್ಟರು ಇಟ್ಟರು. ಅವಳು ಮಂಡಿಯೂರಿ ಬಾಗಿದಳು. ಮೇಷ್ಟರ ಬಲಗೈ, ಅರವತ್ತು ವರ್ಷಗಳ ಅಭ್ಯಾಸದಂತೆ, ಆಶೀರ್ವಾದಕ್ಕಾಗಿ ತಾನಾಗಿಯೇ ಮೇಲಕ್ಕೆದ್ದಿತು.

"ಆಶೀರ್ವಾದ ಆಮ್ಯಾಲ ಮಾಡೀರಂತ್ರಿ" ಎಂದಳು ಅವಳು, ತಲೆಯೆತ್ತದೆ. "ಮೊದಲ ಕಾಲು ನೆಟ್ಟಗ ಊರ್ರಿ. ಅಳತಿ ತಪ್ಪತದ."

ಮೇಷ್ಟರು ಕೈಯನ್ನು ಇಳಿಸಿ, ಕಾಲನ್ನು ನೆಟ್ಟಗೆ ಊರಿದರು. ಸೀಸದ ಕಡ್ಡಿಯು ಹಿಮ್ಮಡಿಯಿಂದ ಹೊರಟು ಬೆರಳುಗಳನ್ನು ಒಂದೊಂದಾಗಿ ಸುತ್ತಿಕೊಂಡು ನಿಧಾನವಾಗಿ ಬಂದಿತು.